ಮೊದಲು ಪುಸ್ತಕ, ಆಮೇಲೆ ಅಂಗಡಿ: ನಮ್ಮ ವರ್ಕ್‌ಶಾಪ್ ಮೇಷ್ಟ್ರು

ಹಳೆಯ ಮೋಟಾರ್‌ಸೈಕಲ್ಲಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕೆಂಬುದನ್ನು ಒಂದು ಶಾಸ್ತ್ರವೆಂದು ಯಾವ ವಿದ್ವಾಂಸರೂ ಇದುವರೆಗೆ ಒಪ್ಪಿಲ್ಲ. ಒಪ್ಪಿದ್ದರೆ ಆ ಶಾಸ್ತ್ರದ ಪೀಠದಲ್ಲಿ ಇಂದು ನಿವೃತ್ತರಾಗುತ್ತಿರುವ ನಮ್ಮ ತರಬೇತಿ ಸಂಸ್ಥೆಯ ವರ್ಕ್‌ಶಾಪ್ ಮೇಷ್ಟ್ರು ಎಂದೋ ಕುಳಿತಿರುತ್ತಿದ್ದರು. ಅಭಿನಂದನ ಸಮಿತಿಯವರು ಅವರ ಬೋಧನಾ ಕ್ರಮದ ಬಗ್ಗೆ ಬರೆಯಲು ನನಗೆ ಆಜ್ಞಾಪಿಸಿದ್ದಾರೆ. ನಾನು ಬರೆಯುತ್ತಿರುವುದು ಒಂದು ತಪ್ಪೊಪ್ಪಿಗೆ. ಹಿರಿಯರು ಮನ್ನಿಸಬೇಕು.

ಮೂವತ್ತನಾಲ್ಕು ವರ್ಷಗಳ ಹಿಂದೆ ಒಂದು ತಗಡಿನ ಶೆಡ್ಡು, ಒಂದೂವರೆ ಪೆಟ್ಟಿಗೆ ಸ್ಪ್ಯಾನರುಗಳಿಂದ ಆರಂಭವಾದ ಅವರ ಸೇವೆಗೆ ಹನ್ನೆರಡು ವರ್ಷ ತುಂಬಿದಾಗ, ನಾನು ಪಾಠ ಹೇಳುವವನಾಗಿ ಅಲ್ಲಿಗೆ ಸೇರಿದೆ. ವರ್ಕ್‌ಶಾಪಿನವರು ನನ್ನನ್ನು 'ಥಿಯರಿ ಸಾರ್' ಎಂದು ಕರೆದರು. ಅದರಲ್ಲಿ ಗೌರವ ಎಷ್ಟು, ಕನಿಕರ ಎಷ್ಟು ಎಂದು ನಾನು ವಿಚಾರಿಸಲು ಹೋಗಲಿಲ್ಲ. ಸಹೋದ್ಯೋಗಿಗಳ ಗಾಡಿಗಳ ಆಯಿಲನ್ನು ಬಿಡುವಿನ ವೇಳೆಯಲ್ಲಿ ಮೇಷ್ಟ್ರೇ ಬದಲಿಸುತ್ತಿದ್ದರು. ಬದಲಿಸಿದಾಗಲೆಲ್ಲ ಹಳೆಯ ಆಯಿಲಿನ ಸ್ವಲ್ಪ ಭಾಗವನ್ನು ಟಾನಿಕ್ ಸೀಸೆಯಲ್ಲಿ ತುಂಬಿ, ಯಜಮಾನರ ಹುದ್ದೆ ಬರೆದ ಚೀಟಿ ಅಂಟಿಸಿ, ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬದಲಿಸಲು ತಡಮಾಡಿದಷ್ಟೂ ಆಯಿಲ್ ಕಪ್ಪಾಗುವುದರಿಂದ, ಯಾರು ಎಷ್ಟು ಸೋಮಾರಿ ಎಂಬುದು ಬಿಸಿಲು ಬಿದ್ದಾಗ ಎಲ್ಲರಿಗೂ ಕಾಣುತ್ತಿತ್ತು. ಪ್ರಾಂಶುಪಾಲರ ಸೀಸೆ ಎಲ್ಲಕ್ಕಿಂತ ಕಪ್ಪಗಿತ್ತು. ಆ ಕಿಟಕಿಯ ಮುಂದೆ ಹೋಗುವಾಗ ಅವರು ತಪ್ಪದೆ ಆಕಾಶ ನೋಡುತ್ತಿದ್ದರು.

"ಯಾವ ಆಯಿಲ್ ಒಳ್ಳೇದು ಮೇಷ್ಟ್ರೇ?" ಎಂದು ಗುಮಾಸ್ತರೊಬ್ಬರು ಒಮ್ಮೆ ಕೇಳಿದರು. "ಒಳ್ಳೇದು ಅಂದ್ರೆ ಯಾರಿಗೆ? ಅಂಗಡಿಯವನಿಗಾ, ಗಾಡಿಗಾ?" ಎಂದರು ಮೇಷ್ಟ್ರು. ಗಾಡಿಗೆ ವಯಸ್ಸೆಷ್ಟು, ಅದರ ಕ್ಲಚ್ ಎಲ್ಲಿ ಕೂತಿದೆ, ಗಾಡಿಯ ಜೊತೆ ಬಂದ ಪುಸ್ತಕ ಏನು ಹೇಳುತ್ತದೆ ಎಂದು ತಿಳಿಯದೆ ಅವರು ಯಾವ ಡಬ್ಬಿಯ ಮುಚ್ಚಳವನ್ನೂ ತೆರೆದವರಲ್ಲ. ಮೊದಲು ಪುಸ್ತಕ, ಆಮೇಲೆ ಅಂಗಡಿ ಎಂಬುದು ಅವರ ಪಾಠದ ಮೊದಲ ವಾಕ್ಯವೂ ಕೊನೆಯ ವಾಕ್ಯವೂ ಆಗಿತ್ತು.

ಈಗ ನನ್ನ ಕಥೆ. ನಮ್ಮ ಜೊತೆಗೇ ಇರುವ ನನ್ನ ಮಾವನವರು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ಅವರ ಮೋಟಾರ್‌ಸೈಕಲ್ಲಿಗೆ ಆಗ ಇಪ್ಪತ್ತಾರು ವರ್ಷ. ಹೆರಿಗೆಗೆಂದು ನಮ್ಮ ಅತ್ತೆಯನ್ನು ಕರೆದೊಯ್ದದ್ದೂ, ಕೈಗೂಸಾಗಿದ್ದ ನನ್ನ ಹೆಂಡತಿಯನ್ನು ಮನೆಗೆ ತಂದದ್ದೂ ಅದೇ ಗಾಡಿ. ಮಂಡಿ ನೋವು ಹೆಚ್ಚಾದಾಗ ಅವರು ಕೀಲಿಯನ್ನು ನನ್ನ ಕೈಗಿಟ್ಟು, "ಓಡಿಸಿ ಅಳಿಯಂದ್ರೇ. ಏನಾದ್ರೂ ಹಾಕೋ ಮುಂಚೆ ನನ್ನನ್ನೊಂದು ಮಾತು ಕೇಳಿ" ಎಂದಿದ್ದರು.

ನಾನು ಕೇಳಲಿಲ್ಲ. ಭಲೇ ಅಳಿಯ ಎನಿಸಿಕೊಳ್ಳುವ ಚಪಲ. ಅಂಗಡಿಯವನು ಕೆಂಪು ಕಾರಿನ ಚಿತ್ರವಿದ್ದ ಮಿರಮಿರ ಮಿಂಚುವ ಡಬ್ಬಿಯನ್ನು ತೋರಿಸಿ, "ಇದಕ್ಕಿಂತ ಮೇಲಿಂದು ಇಲ್ಲ ಸಾರ್" ಎಂದ. ನೀರಿನಂತೆ ತೆಳ್ಳಗಿದ್ದ ಆ ಆಯಿಲನ್ನು ಸುರಿದು, ಖಾಲಿ ಡಬ್ಬಿಯನ್ನು ಹಿತ್ತಲ ನೀರಿನ ತೊಟ್ಟಿಯ ಹಿಂದೆ ಎಸೆದು ಮರೆತೆ.

ಭಾನುವಾರ ಮಾವನವರನ್ನು ಹಿಂದೆ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಯ ಏರು ಹತ್ತಿದೆ. ಎಂಜಿನ್ ಊರಿಗೆಲ್ಲ ಕೇಳುವಂತೆ ಅರಚಿತು, ಗಾಡಿ ಮಾತ್ರ ಅಲ್ಲೇ ತೆವಳಿತು. ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ನಮ್ಮನ್ನು ದಾಟಿ ಮುಂದೆ ಹೋದರು. ಮಾವನವರು ಇಳಿದು, ನೋಯುವ ಮಂಡಿಯಲ್ಲೇ ನಡೆದರು. ಮನೆಗೆ ಬಂದ ಮೇಲೆ ಹೆಗಲ ಮೇಲಿನ ಟವೆಲ್ಲಿನಿಂದ ಟ್ಯಾಂಕನ್ನು ಒರೆಸುತ್ತ, "ಪಾಪ, ಇದಕ್ಕೂ ನನ್ನಂಗೇ ಆಯ್ತು. ಬುಧವಾರ ಗುಜರಿಯವನನ್ನ ಬರೋಕೆ ಹೇಳ್ಬಿಡಿ" ಎಂದರು. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಗಾಡಿಯನ್ನು ತಳ್ಳಿಕೊಂಡು ವರ್ಕ್‌ಶಾಪಿಗೆ ಹೋದೆ. ಮೇಷ್ಟ್ರು ಕೆಳಗಿನ ಬೋಲ್ಟು ಬಿಚ್ಚಿ, ಎರಡು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಮೂಸಿ ನೋಡಿ ನನ್ನತ್ತ ತಿರುಗಿದರು.

"ಥಿಯರಿ ಸಾರ್, ಬೈಕಿಗೆ ಕಾರಿನ ಆಯಿಲ್ ಯಾಕೆ ಹಾಕಬಾರದು ಅಂತ ಹೋದ ವಾರದ ಪರೀಕ್ಷೇಲಿ ಐದು ಮಾರ್ಕ್ಸಿಗೆ ಕೇಳಿದ್ದು ನೀವೇ ಅಲ್ವಾ?"

ನಾನೇ. ಉತ್ತರಪತ್ರಿಕೆಗಳು ಇನ್ನೂ ನನ್ನ ಚೀಲದಲ್ಲೇ ಇದ್ದವು. ಇಂಥ ಗಾಡಿಯಲ್ಲಿ ಕ್ಲಚ್ಚಿನ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ಕಾರಿನ ಆಯಿಲಿನ ಜಾರಿಕೆಗೆ ಅವು ಹಿಡಿತ ಕಳೆದುಕೊಳ್ಳಬಹುದು ಎಂದು ತರಗತಿಯ ಮುಕ್ಕಾಲು ಪಾಲು ಸರಿಯಾಗಿ ಬರೆದಿತ್ತು. ಸಾಲದೆಂಬಂತೆ ಎಂಜಿನ್ನಿನ ಹಳೆಯ ರಬ್ಬರ್ ಸೀಲುಗಳ ಸಂದಿಯಿಂದ ಆ ತೆಳು ಆಯಿಲ್ ಜಿನುಗಿ ನೆಲವನ್ನೂ ಒದ್ದೆ ಮಾಡಿತ್ತು.

ಮೇಷ್ಟ್ರು ಎರಡು ದಿನ ಮಧ್ಯಾಹ್ನದ ಊಟ ಬಿಟ್ಟರು. ಪ್ಲೇಟುಗಳನ್ನು ಬಿಚ್ಚಿ ತೊಳೆದರು, ಪುಸ್ತಕದಲ್ಲಿ ಹೇಳಿದ ಸಾದಾ ದಪ್ಪ ಆಯಿಲ್ ತುಂಬಿ ಓಡಿಸಿದರು, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿದರು. ಬುಧವಾರ ಬೆಳಿಗ್ಗೆ ಗುಜರಿಯವನಿಗಿಂತ ಮುಂಚೆ ನಮ್ಮ ಮನೆಗೆ ಬಂದು, ಮಾವನವರನ್ನು ಹಿಂದೆ ಕೂರಿಸಿಕೊಂಡು ಅದೇ ಏರನ್ನು ಹತ್ತಿಸಿ ಕರೆತಂದರು.

"ಗಾಡಿಗೇನೂ ಆಗಿಲ್ಲ ಯಜಮಾನ್ರೇ. ತಪ್ಪು ಆಯಿಲ್ ಬಿದ್ದಿತ್ತು."

"ಯಾರು ಹಾಕಿದ್ದು?"

ನಾನು ಬೆಂಚಿನ ಕೆಳಗೆ ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕುತ್ತಿದ್ದೆ.

"ಹಾಕಿದವರೇ ಹೇಳ್ತಾರೆ. ಸ್ವಲ್ಪ ಟೈಮ್ ಕೊಡಿ" ಎಂದರು ಮೇಷ್ಟ್ರು.

ಹಾಕಿದವರು ಹತ್ತೊಂಬತ್ತು ವರ್ಷ ತೆಗೆದುಕೊಂಡರು. ಅಂದಿನಿಂದ ಮೇಷ್ಟ್ರೇ ನಮ್ಮ ಮನೆಗೆ ಬಂದು ಆಯಿಲ್ ಬದಲಿಸುತ್ತಿದ್ದಾರೆ. ನನಗೆ ಲಾಳಿಕೆ ಹಿಡಿಯುವ ಕೆಲಸ ಮಾತ್ರ. ಕಿಟಕಿಯ ಹಲಗೆಯ ಮೇಲೆ, ಅಂದು ಇಳಿಸಿದ ಕಾರಿನ ಆಯಿಲ್ ತುಂಬಿದ ಹೊನ್ನಿನ ಬಣ್ಣದ ಒಂದು ಸೀಸೆ ಚೀಟಿಯಿಲ್ಲದೆ ನಿಂತಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಜೇನುತುಪ್ಪವೆಂದುಕೊಂಡು ಬೆರಳು ಅದ್ದಲು ಹೋಗಿದ್ದರು. ಆಗಲೂ ಮೇಷ್ಟ್ರು ಅದು ಯಾರ ಸೀಸೆಯೆಂದು ಹೇಳಲಿಲ್ಲ.

ಮೊನ್ನೆ ಕಪಾಟು ಖಾಲಿ ಮಾಡುವಾಗ ಅವರು ಎಲ್ಲರ ಸೀಸೆಗಳನ್ನೂ ಹಿಂದಿರುಗಿಸಿದರು. ಚೀಟಿಯಿಲ್ಲದ್ದನ್ನು ಸುಮ್ಮನೆ ನನ್ನ ಕೈಗಿಟ್ಟರು. ಅಂದು ಸಂಜೆಯೇ ಈ ಲೇಖನವನ್ನು ಇಲ್ಲಿಯವರೆಗೆ ಬರೆದು, ಸಮಿತಿಗೆ ಕೊಡುವ ಮೊದಲು, ಗಿಡಗಳಿಗೆ ನೀರು ಹಾಕುತ್ತಿದ್ದ ಮಾವನವರ ಮುಂದೆ ನಿಂತು ಓದಿದೆ. ಎಂಬತ್ತಾರರ ಮಾವನವರು ಪೂರ್ತಿ ಕೇಳಿ, ಪುದೀನ ಬೆಳೆದಿದ್ದ ಕುಂಡವೊಂದನ್ನು ನನ್ನ ಕಡೆಗೆ ತಿರುಗಿಸಿದರು. ನನ್ನ ಹೆಂಡತಿ ಎಂದೋ ತೊಟ್ಟಿಯ ಹಿಂದಿನಿಂದ ತೆಗೆದು, ಮೇಲ್ಭಾಗ ಕತ್ತರಿಸಿ, ಮಣ್ಣು ತುಂಬಿದ್ದ ಡಬ್ಬಿ ಅದು. ಕೆಂಪು ಕಾರು ಮಾಸಿತ್ತು, ಆದರೂ ಕಾಣುತ್ತಿತ್ತು.

"ಹತ್ತೊಂಬತ್ತು ವರ್ಷದಿಂದ ಇದಕ್ಕೆ ದಿನಾ ನೀರು ಹಾಕ್ತಿದೀನಿ. ಡಬ್ಬಿ ಮೇಲೆ ಬರೆದಿರೋದು ನನಗೆ ಕಾಣಲ್ವಾ? ಅಂಚೆ ಕಚೇರೀಲಿ ನಾನು ಏನು ಓದ್ತಿದ್ದೆ ಅಂದ್ಕೊಂಡ್ರಿ?"

"ಮತ್ತೆ ಯಾಕೆ ಕೇಳಲಿಲ್ಲ ಮಾವ?"

"ಟೈಮ್ ಕೊಡಿ ಅಂದಿದ್ರಲ್ಲ ಮೇಷ್ಟ್ರು."

ಆಮೇಲೆ ಅವರೇ ಮೇಷ್ಟ್ರಿಗೆ ಫೋನು ಮಾಡಿದರು. "ಬರೋ ಭಾನುವಾರ ಆಯಿಲ್ ಬದಲಿಸಬೇಕು. ಈ ಸಲ ನಮ್ಮ ಅಳಿಯಂದ್ರೇ ಸುರೀಲಿ. ನೀವು ಪಕ್ಕದಲ್ಲಿ ನಿಂತಿದ್ರೆ ಸಾಕು." ನಾನು ನೀರಿನ ತೊಟ್ಟಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಪೂಜ್ಯ ಮೇಷ್ಟ್ರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ, ನಮ್ಮಂಥವರ ಪಕ್ಕದಲ್ಲಿ ನಿಲ್ಲುವ ಅವರ ಸೇವೆಗೆ ಮಾತ್ರ ನಿವೃತ್ತಿ ಬಾರದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಭಾನುವಾರಕ್ಕೆ ಪುಸ್ತಕ ತೆಗೆದಿಟ್ಟಿದ್ದೇನೆ ಮೇಷ್ಟ್ರೇ. ಅಂಗಡಿಗೆ ಇನ್ನೂ ಹೋಗಿಲ್ಲ.