ಒಂಬತ್ತನೇ ಮೇಜಿನ ಕರೆ

ತುರ್ತು ಕರೆಗಳ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಟೇಪಮ್ಮ ಎಂದೇ. ಬೆಂಕಿ ಬಿದ್ದಾಗ, ಗೋಡೆ ಕುಸಿದಾಗ ಊರಿನವರು ಫೋನು ಮಾಡುವ ಜಾಗ ಅದು. ಮಹಡಿಯ ಮೇಲೆ ಒಂಬತ್ತು ಮೇಜು, ಒಂಬತ್ತು ಜನ. ಅಲ್ಲಿ ಆಡಿದ ಪ್ರತಿ ಮಾತೂ ಮೆಟ್ಟಿಲ ಕೆಳಗಿನ ಕೋಣೆಯ ಸರ್ವರಿನಲ್ಲಿ ದಾಖಲಾಗುತ್ತದೆ. ಸರ್ವರ್ ಅದನ್ನು ತಿಂಗಳ ಮಟ್ಟಿಗೆ ಇಟ್ಟುಕೊಂಡು ಅಳಿಸಿಹಾಕುತ್ತದೆ. ಅಷ್ಟರೊಳಗೆ, ಪ್ರತಿ ಶನಿವಾರ, ಇರುವುದೆಲ್ಲವನ್ನೂ ಟೇಪಿಗೆ ಇಳಿಸಿ ಬೀರುವಿನಲ್ಲಿಡುವುದು ಟೇಪಮ್ಮನ ಕೆಲಸ. ಮದುವೆಗೆ ಮುಂಚಿನಿಂದ ಮಾಡಿಕೊಂಡು ಬಂದದ್ದು. ಕೆಲಸದಲ್ಲಿ ಕಟ್ಟುನಿಟ್ಟು, ಅದರ ಜಂಬವೂ ತುಸು ಇತ್ತು. ಮನೆಯ ಬೀಗದ ಕೈಗಿಂತ ಆ ಬೀರುವಿನ ಬೀಗದ ಕೈಯೇ ಅವಳಿಗೆ ಹೆಚ್ಚು ಎಂದು ಗಂಡ ಹಂಗಿಸುತ್ತಿದ್ದ.

ಒಂಬತ್ತನೇ ಮೇಜು ಅವಳ ಒಡಹುಟ್ಟಿದ ಅಕ್ಕನದು. ಈಗ ಅಕ್ಕನ ಮೇಲೆ ದೂರು ಬಂದಿತ್ತು. ಒಂದು ಮನೆಗೆ ಬೆಂಕಿ ಬಿದ್ದು ಒಳಗಿದ್ದ ಮುದುಕರು ಉಳಿಯಲಿಲ್ಲ. ಕರೆ ತೆಗೆದುಕೊಂಡವಳು ವಿಳಾಸವನ್ನೇ ಕೇಳದೆ ಫೋನಿಟ್ಟಳು ಎಂದು ಆ ಮನೆಯ ಸೊಸೆ ಬರೆದುಕೊಟ್ಟಿದ್ದಳು. ವಿಳಾಸ ಕೇಳಿದೆ ಎಂಬುದು ಅಕ್ಕನ ಮಾತು. ದೂರು ಬರುವಷ್ಟರಲ್ಲಿ ಸರ್ವರ್ ಆ ಕರೆಯನ್ನು ಅಳಿಸಿಯಾಗಿತ್ತು. ವಿಚಾರಣೆ ಈ ಮಧ್ಯಾಹ್ನ. ಧ್ವನಿ ಸಿಗದಿದ್ದರೆ ಅಕ್ಕನ ಕೆಲಸ ಹೋಗುತ್ತದೆ; ಅಷ್ಟಕ್ಕೇ ನಿಲ್ಲುವುದೂ ಇಲ್ಲ.

"ನಿನ್ನ ಬೀರುವಿನಲ್ಲಿ ಇದ್ದೇ ಇರುತ್ತಲ್ಲ," ಎಂದು ಅಕ್ಕ ಬೆಳಿಗ್ಗೆ ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. ನಿದ್ದೆ ಇಲ್ಲದೆ ಕಣ್ಣುಗಳು ಊದಿಕೊಂಡಿದ್ದವು.

"ಇರದೆ ಎಲ್ಲಿ ಹೋಗತ್ತೆ? ಮೇಲೆ ಹೋಗಿ ಒಂದು ಲೋಟ ಕಾಫಿ ಕುಡಿ."

ಟೇಪಮ್ಮ ಬೆಂಕಿ ಬಿದ್ದ ವಾರದ ಟೇಪನ್ನು ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಮೇಜುಗಳು ಒಂದೊಂದಾಗಿ ಮೂಡಿದವು: ಒಂದು, ಎರಡು, ಮೂರು... ಏಳು ಅರ್ಧಕ್ಕೆ ಬಂದು ನಿಂತಿತು. ಸರ್ವರಿನಲ್ಲಿ ತಿಂಗಳಿಡೀ ಇದ್ದ ಕರೆ ಮುಂದಿನ ವಾರದ ಟೇಪಿನಲ್ಲೂ ಇರಬೇಕು; ಅದನ್ನು ಹಾಕಿದಳು. ಅದೂ ಏಳರಲ್ಲೇ ನಿಂತಿತು. ಎಂಟು ಇಲ್ಲ, ಒಂಬತ್ತು ಇಲ್ಲ.

ಯಾಕೆಂದು ಯೋಚಿಸಬೇಕಾಗಿಯೇ ಇರಲಿಲ್ಲ; ಯಾಕೆಂಬುದು ಕೈಯಲ್ಲೇ ಇತ್ತು. ಟೇಪು ಎಷ್ಟು ಹಿಡಿಯುತ್ತದೆ ಎಂದು ಹೇಳುವ ಎರಡು ಅಂಕಿಗಳು ಅದರ ಡಬ್ಬಿಯ ಮೇಲಿರುತ್ತವೆ. ದೊಡ್ಡದು ದಪ್ಪಕ್ಷರದಲ್ಲಿ, ಅದರ ಅರ್ಧದಷ್ಟು ಚಿಕ್ಕದು ಮೂಲೆಯಲ್ಲಿ. ಯಂತ್ರ ಮಾಹಿತಿಯನ್ನು ಒತ್ತಿ ಅರ್ಧಕ್ಕಿಳಿಸಿದರೆ ಮಾತ್ರ ದೊಡ್ಡ ಅಂಕಿ ನಿಜ. ವರ್ಷದ ಹಿಂದೆ ಕಚೇರಿಗೆ ಹೊಸ ಧ್ವನಿಮುದ್ರಣ ವ್ಯವಸ್ಥೆ ಬಂದಿತ್ತು. ಅದು ಮಾತನ್ನು ಆಗಲೇ ಹಿಂಡಿ ಹಿಪ್ಪೆ ಮಾಡಿಯೇ ಸರ್ವರಿಗೆ ಕೊಡುತ್ತದೆ. ಹಿಂಡಿದ್ದನ್ನು ಮತ್ತೆ ಹಿಂಡಿದರೆ ಏನು ಇಳಿಯುತ್ತದೆ? ಅಂದಿನಿಂದ ಟೇಪು ನಡುವೆಯೇ ತುಂಬಿ, "ಇನ್ನೊಂದು ಟೇಪು ಹಾಕಿ" ಎಂದು ಯಂತ್ರ ಪ್ರತಿ ಶನಿವಾರ ಕೇಳುತ್ತಿತ್ತು. ಡಬ್ಬಿಯ ದಪ್ಪಕ್ಷರವನ್ನು ನಂಬಿದ್ದ ಟೇಪಮ್ಮ, ಇಷ್ಟು ಬೇಗ ತುಂಬಲು ಸಾಧ್ಯವೇ ಇಲ್ಲ, ಯಂತ್ರದಲ್ಲಿ ಟೇಪು ಓದಿ ಬರೆಯುವ ಹೆಡ್ಡಿಗೆ ಧೂಳು ಕೂತಿದೆ ಎಂದು ತೀರ್ಮಾನಿಸಿದ್ದಳು. ಪ್ರತಿ ಸಲವೂ ಕೆಲಸ ಅಲ್ಲಿಗೇ ನಿಲ್ಲಿಸಿ, ಸ್ವಚ್ಛ ಮಾಡುವ ಟೇಪು ತಿರುಗಿಸಿ, ಬೀರುವಿಗೆ ಬೀಗ ಹಾಕಿ ಮನೆಗೆ ಹೋಗಿದ್ದಳು.

ಮೂರನೆಯ ಟೇಪು ತೆಗೆದಾಗ ಅವಸರಕ್ಕೆ ಡಬ್ಬಿ ನೆಲಕ್ಕೆ ಬಿತ್ತು. ಹೆಕ್ಕುವಾಗ ಕಂಡಿತು, ಚೀಟಿಯ ಮೇಲಿನ ಬರಹ ತನ್ನದಲ್ಲ. ಆ ಶನಿವಾರ ಮಾವನ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದ್ದಳು. ಅವತ್ತು ಅವಳ ಬದಲಿಗೆ ಟೇಪು ಹಾಕಿದ್ದು ಕಚೇರಿಯ ಗುಮಾಸ್ತರು.

ಓಡಿದಳು. ಗುಮಾಸ್ತರು ಕನ್ನಡಕ ಒರೆಸುತ್ತ ಕೂತಿದ್ದರು.

"ಸಾರ್, ನಾನು ರಜೆ ಹಾಕಿದ್ದ ದಿನ ಯಂತ್ರ ಇನ್ನೊಂದು ಟೇಪು ಕೇಳ್ತಾ?"

"ಕೇಳ್ತು, ಕೊಟ್ಟೆ. ಅದರ ಜೊತೆ ವಾದ ಮಾಡೋಕೆ ನಾನೇನು ಅದರ ಅತ್ತೆಯಾ?"

"ಆ ಎರಡನೇ ಟೇಪು ಎಲ್ಲಿ?"

"ಬೀರುವಿನಲ್ಲಿ ಜಾಗ ಇರಲಿಲ್ಲಮ್ಮ. ಅಲ್ಲೇ ಇದೆ ನೋಡು, ಕಾಗದ ಹಾರದಿರಲಿ ಅಂತ ಇಟ್ಟೆ."

ಕಿಟಕಿಯ ಕಟ್ಟೆಯ ಮೇಲೆ, ಕಾಗದದ ಕಂತೆಯ ಮೇಲೆ, ಬಿಸಿಲಿನಲ್ಲಿ ಟೇಪು ಕೂತಿತ್ತು. ಮುಟ್ಟಿದರೆ ಬಾಣಲೆಯ ಹಾಗೆ ಸುಡುತ್ತಿತ್ತು. ಕಾದ ಟೇಪು ಒಳಗೇ ಸೊಟ್ಟಗಾದರೆ ಮುಗಿಯಿತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಕೆಳಗೆ ತಂದು, ತಣ್ಣನೆಯ ಕೋಣೆಯಲ್ಲಿಟ್ಟು ಕಾದಳು. ಆ ಕಾಯುವಿಕೆಯಲ್ಲಿ ಒಂದು ಸಲವೂ ಕೂರಲಿಲ್ಲ.

"ಸಾರ್, ನೀವೂ ಇಲ್ಲೇ ಇರಿ," ಎಂದಳು ಹಿಂದೆಯೇ ಬಂದಿದ್ದ ಗುಮಾಸ್ತರಿಗೆ. "ನಾಳೆ ತಂಗಿಯೇ ತಿದ್ದಿದಳು ಅನ್ನಬಾರದು ಯಾರೂ."

"ಕೇಳಿ ನೋಡಲ್ವಾ?"

"ಇಲ್ಲ. ಅಲ್ಲೇ ಎಲ್ಲರ ಮುಂದೆ ಕೇಳೋಣ."

ಯಂತ್ರ ಕಿರುಗುಟ್ಟಿತು, ನಿಂತಿತು, ಮತ್ತೆ ಓಡಿತು. ಎಂಟು. ಒಂಬತ್ತು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಹೆಡ್‌ಫೋನ್ ಮುಟ್ಟಲಿಲ್ಲ; ಎಲ್ಲರಿಗೂ ಕೇಳುವ ಹಾಗೆ ಹಾಕಲು ಹೇಳಿದರು. ಅಕ್ಕ ಮೇಜಿನ ಅಂಚು ಹಿಡಿದು ಕೂತಿದ್ದಳು. ಕೇಳದೆಯೇ ತಂದದ್ದು ಎಂಥ ಹುಚ್ಚು ಎಂದು ಟೇಪಮ್ಮನಿಗೆ ಆಗ ಹೊಳೆಯಿತು. ಅಕ್ಕನಿಗೇ ನೆನಪು ತಪ್ಪಿದ್ದರೆ?

ಮೊದಲು ಚೀರಾಟ. ಆಮೇಲೆ ಅಕ್ಕನ ಧ್ವನಿ: "ಮನೆ ಎಲ್ಲಮ್ಮಾ? ಬೀದಿ ಹೇಳಿ." ಚೀರಾಟ. "ಬೀದಿ ಹೇಳಿ ತಾಯಿ, ಗಾಡಿ ಹೊರಡಿಸ್ತೀನಿ." ಏನೋ ಬಿದ್ದ ಸದ್ದು. "ಹಲೋ? ಬೀದಿ ಯಾವುದು? ಹಲೋ?" ಆ ಕಡೆಯಿಂದ ಫೋನು ಕಡಿದುಹೋಯಿತು. ಆಮೇಲೂ ಅಕ್ಕ ಎರಡು ಸಲ ಹಲೋ ಎಂದದ್ದು ಕೇಳಿಸಿತು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. "ನೀವಿನ್ನು ಹೋಗಬಹುದು," ಎಂದರು ಅಕ್ಕನಿಗೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತೇ ಇದ್ದಳು.

"ಒಳ್ಳೇ ಕೆಲಸ ಮಾಡಿದಿರಿ," ಎಂದು ಅವರು ಟೇಪಮ್ಮನತ್ತ ತಿರುಗಿದರು. "ಒಂಬತ್ತನೇ ಮೇಜಿನ ಇನ್ನೂ ಎರಡು ಕರೆಗಳ ವಿಚಾರಣೆ ಇದೆ. ನಾಲ್ಕೈದು ತಿಂಗಳ ಹಿಂದಿನವು. ಅವನ್ನೂ ತೆಗೆದುಕೊಡಿ."

ಆಗಲಿ ಸಾರ್ ಎಂದುಬಿಟ್ಟರೆ ಒಂದೆರಡು ದಿನ ಸಿಗುತ್ತಿತ್ತು.

"ಅವು ಇಲ್ಲ ಸಾರ್."

"ಇಲ್ಲ ಅಂದ್ರೆ?"

"ಕಳೆದ ವರ್ಷದಿಂದ ಎಂಟು, ಒಂಬತ್ತು ಯಾವ ಟೇಪಿನಲ್ಲೂ ಇರಲಾರವು. ಇದೊಂದು ಬಿಟ್ಟು. ತಪ್ಪು ನನ್ನದು."

"ಏನೇ ಇದು?" ಎಂದಳು ಅಕ್ಕ, ಮೆಲ್ಲಗೆ.

ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಹೊಸ ಹಾಳೆ ಎಳೆದುಕೊಂಡರು. "ಕೂತ್ಕೊಳ್ಳಿ. ಹೆಸರು ಹೇಳಿ. ಹುದ್ದೆ?"

ಹೆಸರು ಹೇಳಿದಳು. ಟೇಪುಗಳನ್ನು ಕಾಯುವವಳು ಎನ್ನಲು ಮಾತ್ರ ಅವಳ ನಾಲಿಗೆ ಏಳಲಿಲ್ಲ.