ಎಂಟರಲ್ಲಿ ಮೊದಲನೆಯ ಹಾರ್ನ್

ನಾನು ಮೂವತ್ತು ವರ್ಷದಿಂದ ಪೀಣ್ಯದಲ್ಲಿ ಲೇಥ್ ನಡೆಸುತ್ತಿದ್ದೇನೆ. ಪಂಪಿನ ಬುಶ್, ವಾಲ್ವಿನ ಬಾಡಿ, ಯಾವುದು ಕೊಟ್ಟರೂ ಬೇಡ ಅಂದವನಲ್ಲ. ಹೋದ ವರ್ಷ ನಮ್ಮ ಶೆಡ್ಡಿಗೆ ಒಂದು ವಿಚಿತ್ರ ಜಾಬ್ ಬಂತು: ಅಲ್ಯೂಮಿನಿಯಮ್ಮಿನ ಎಂಟು ಹಾರ್ನುಗಳು. ಲಾರಿಯ ಹಾರ್ನಲ್ಲ. ಊರಾಚೆ ಬಯಲಿನಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಹಿಡಿಯುವ ಎಂಟು ದೊಡ್ಡ ಡಿಶ್ಶುಗಳಿವೆ. ಒಂದೊಂದರ ಎದುರಿಗೂ ಹಳೆಯದರ ಬದಲು ಒಂದೊಂದು ಹೊಸ ಹಾರ್ನ್ ಕೂರಬೇಕು. ಬಾಯಿ ಅಗಲ, ಗಂಟಲು ಕಿರಿದು. ಡಿಶ್ ಒಟ್ಟುಮಾಡಿದ ಅಲೆ ಆ ಗಂಟಲಿನೊಳಗೆ ಇಳಿಯುತ್ತದೆ. ಅದರ ಬೋರ್, ಅಂದರೆ ಒಳಗಿನ ತೂತಿನ ಅಳತೆ, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು.

ಆ ಹೊತ್ತಿಗಾಗಲೇ ನನ್ನ ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಲೇಥಿನಿಂದ ಎಬ್ಬಿಸಿ ಸ್ಟೋರ್ಸಿನಲ್ಲಿ ಬೋಲ್ಟು ಕೊಡಲು ಕೂರಿಸುತ್ತಾರೆ, ಆ ಕೆಲಸ ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ನಮ್ಮ ಓನರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಅವರ ತಂದೆಯ ಕಾಲದವನೆಂದು ನನ್ನನ್ನು ಅಣ್ಣ ಅನ್ನುತ್ತಾರೆ. ಎಂಟೂ ಹಾರ್ನುಗಳನ್ನು ನನ್ನ ಕೈಗೇ ಕೊಟ್ಟರು. ಅಳತೆ ತೋರಿಸುವ ಗೇಜಿನ ಡಯಲ್ ಮಸುಕಾದಾಗೆಲ್ಲ ಒಳಗೆ ಬೆರಳಾಡಿಸಿ ನೋಡಿದೆ, ಟೂಲ್ ಕೊಯ್ಯುವ ಸದ್ದಿಗೆ ಕಿವಿಗೊಟ್ಟೆ. ಹಾಗೂ ಹೀಗೂ ಮುಗಿಸಿ ಕಳಿಸಿದೆ.

ಮೂರು ವಾರಕ್ಕೆ ಅಲ್ಲಿಂದ ಫೋನ್ ಬಂತು. ಒಂದು ಹಾರ್ನ್ ಸರಿಯಿಲ್ಲ, ಬೋರ್ ತಪ್ಪಿರಬೇಕು, ಬಂದು ಅಳೆಯಿರಿ, ತಪ್ಪಿದ್ದರೆ ಎಂಟೂ ವಾಪಸ್. ಓನರ್ ನನ್ನನ್ನೇ ಕಳಿಸಿದರು. ಬೋರ್ ಗೇಜನ್ನು ಚೀಲಕ್ಕೆ ಹಾಕಿಕೊಂಡು ದಾಸರಹಳ್ಳಿಯಲ್ಲಿ ಬಸ್ಸು ಹತ್ತಿದೆ. ಕಣ್ಣು ಕೈಕೊಟ್ಟಿತು, ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ. ದಾರಿಯುದ್ದಕ್ಕೂ ಕಂಡಕ್ಟರ್ ಮೇಲೆ, ಕಿಟಕಿ ಪಕ್ಕದವನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಅಲ್ಲಿದ್ದ ವಿಜ್ಞಾನಿ ನನ್ನ ಮಗಳ ವಯಸ್ಸಿನವರು. ಕೆಟ್ಟ ಹಾರ್ನನ್ನು ಇಳಿಸಿ ಮೇಜಿನ ಮೇಲೆ ಇಟ್ಟಿದ್ದರು. ಬೈಯುತ್ತಾರೆಂದುಕೊಂಡರೆ ಕಾಫಿ ಕೊಟ್ಟು ಕೂರಿಸಿದರು.

"ನಾನೊಂದು ಗ್ಯಾಲಕ್ಸಿನ ಒಂದು ವರ್ಷದಿಂದ ನೋಡ್ತಿದ್ದೀನಿ ಅಣ್ಣ. ನಮ್ ಗ್ಯಾಲಕ್ಸಿ ಅಲ್ಲ, ತುಂಬಾ ತುಂಬಾ ಆಚೆ. ಮಧ್ಯ ಒಂದು ಚುಕ್ಕಿ, ಅದು ಎರಡೂ ಕಡೆ ಉಗುಳಿರೋ ದೊಡ್ಡ ಮೋಡ. ಮೋಡಗಳು ಹಾಗೇ ಇರ್ತವೆ. ಚುಕ್ಕಿ ಮಾತ್ರ ಒಂದು ತಿಂಗಳು ಜೋರಾಗುತ್ತೆ, ಒಂದು ತಿಂಗಳು ಮಂಕಾಗುತ್ತೆ."

"ಅದಕ್ಕೂ ನಮ್ ಹಾರ್ನಿಗೂ ಏನ್ ಸಂಬಂಧ ಮೇಡಂ?"

"ಮಂಕಾಗಿದ್ದು ಅದಾ, ನಮ್ ಹಾರ್ನಾ ಅಂತ ಗೊತ್ತಾಗ್ಬೇಕಲ್ಲ? ಅದಕ್ಕೆ ಯಾವತ್ತೂ ಬದಲಾಗದೇ ಇರೋ ಇನ್ನೊಂದು ಗ್ಯಾಲಕ್ಸಿನ ನೋಡಿ ಹೋಲಿಸ್ತೀವಿ. ಈ ಒಂದು ಡಿಶ್ಶಲ್ಲಿ ಈಗ ಅದೂ ಮಂಕಾಗಿದೆ. ಏನೂ ಇಲ್ಲದಿರೋ ಆಕಾಶಕ್ಕೆ ತಿರುಗಿಸಿದ್ರೂ ಬರೀ ಗದ್ದಲ."

ಅಂದರೆ ದೋಷ ಹಾರ್ನಿನದೇ. ನಾನು ಗೇಜ್ ತೆಗೆದೆ. ಕನ್ನಡಕ ಮರೆತು ಬಂದಿದ್ದೇನೆ, ಡಯಲ್ ನೀವು ಓದಿ ಎಂದು ಮೇಡಂಗೆ ಸುಳ್ಳು ಹೇಳಿದೆ. ನಾನು ಹಿಡಿದೆ, ಅವರು ಓದಿದರು. ನಾಲ್ಕು ಕಡೆ ಹಿಡಿದೆ. ಅವರು ಡ್ರಾಯಿಂಗಿಗೆ ಹೋಲಿಸಿ ನೋಡಿ ಹುಬ್ಬೇರಿಸಿದರು.

"ಬೋರ್ ಸರಿಯಾಗೇ ಇದೆಯಲ್ಲ ಅಣ್ಣ. ನಾವು ಕೇಳಿದ್ದಕ್ಕಿಂತ ಚೆನ್ನಾಗಿದೆ."

ನನಗೆ ನಂಬಿಕೆ ಬರಲಿಲ್ಲ. ಮತ್ತೆ ಎರಡು ಸಲ ಓದಿಸಿದೆ. ಅದೇ ಅಳತೆ. ಗೇಜನ್ನು ಮೇಜಿನ ಮೇಲಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನನ್ನ ಕೈ ತಪ್ಪಿರಲಿಲ್ಲ. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿಯಿತು.

ಹಾಗಾದರೆ ಗದ್ದಲ ಎಲ್ಲಿಂದ? ಅಭ್ಯಾಸಬಲದಿಂದ ಗಂಟಲಿನೊಳಗೆ ಬೆರಳು ಹಾಕಿದೆ. ಅಲೆಯನ್ನು ಹಿಡಿದುಕೊಳ್ಳಲು ಅವರು ಕೂರಿಸಿದ್ದ ಪುಟ್ಟ ಪಿನ್ನಿನ ಬುಡದಲ್ಲಿ ಏನೋ ಒರಟಾಗಿ ಸಿಕ್ಕಿತು. ಕೆರೆದೆ. ಉಗುರಿನಲ್ಲಿ ಕೆಂಪು ಬಂತು.

ಅದು ನಾನೇ ಇಟ್ಟ ಕುಂಕುಮ. ಹೊಸ ಜಾಬಿನ ಮೊದಲ ಪೀಸಿಗೆ ಗಂಧ ಕುಂಕುಮ ಇಡದೆ ನಮ್ಮ ಶೆಡ್ಡಿನಲ್ಲಿ ಪ್ಯಾಕ್ ಮಾಡುವ ಪದ್ಧತಿಯಿಲ್ಲ. ಹಿಂದೊಮ್ಮೆ ಗಿರಾಕಿಯೊಬ್ಬ ಹೊರಗೆ ಕಲೆಯಾಯಿತೆಂದು ಕೂಗಾಡಿದ್ದ. ಅಂದಿನಿಂದ ಯಾರಿಗೂ ಕಾಣದ ಹಾಗೆ ಒಳಗಡೆ ಇಡುತ್ತಿದ್ದೆ. ಬುಶ್ಶಿಗೆ, ವಾಲ್ವಿಗೆ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಹಾರ್ನಿನಲ್ಲಿ ಕೆಲಸ ನಡೆಯುವುದೇ ಒಳಗೆ ಎನ್ನುವುದು ನನ್ನ ಮಂಡೆಗೆ ಹೊಳೆದಿರಲಿಲ್ಲ. ಪಿನ್ನಿಗೆಂದು ಕೊರೆದ ತೂತಿನ ಪಕ್ಕದಲ್ಲೇ ಇಟ್ಟಿದ್ದೆ. ನಾಚಿಕೆಯಿಂದ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ.

"ಎಷ್ಟು ಹಚ್ಚಿದ್ರಿ?"

"ಧಾರಾಳವಾಗೇ ಹಚ್ಚಿದ್ದೆ ಮೇಡಂ. ಇಂಥಾ ಜಾಬ್ ಮತ್ತೆಲ್ಲಿ ಬರುತ್ತೆ ಅಂತ."

ಅವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಆಮೇಲೆ ಕಣ್ಣೊರೆಸಿಕೊಂಡು ವಿವರಿಸಿದರು. ದೂರದಿಂದ ಬರುವ ಅಲೆ ಮೊದಲೇ ಕ್ಷೀಣ, ಆ ಲೇಪ ಅದರಲ್ಲೂ ಒಂದು ಪಾಲನ್ನು ನುಂಗುತ್ತದೆ. ಸಾಲದ್ದಕ್ಕೆ ತನ್ನ ಬಿಸಿಯಿಂದ ತಾನೂ ಗದ್ದಲ ಎಬ್ಬಿಸುತ್ತದೆ. ಸ್ಪಿರಿಟ್ ಹಾಕಿ ಒರೆಸಿದೆವು. ಹಾರ್ನ್ ಮತ್ತೆ ಮೇಲೇರಿತು. ಸಂಜೆ ನಾಲ್ಕರ ಹೊತ್ತಿಗೆ ಡಿಶ್ಶನ್ನು ಖಾಲಿ ಆಕಾಶಕ್ಕೆ ತಿರುಗಿಸಿದರು. ಪರದೆಯ ಮೇಲೆ ಒಂಟಿಯಾಗಿ ಎತ್ತರದಲ್ಲಿದ್ದ ಈ ಡಿಶ್ಶಿನ ಗದ್ದಲದ ಗೆರೆ ಇಳಿದು ಉಳಿದ ಏಳರ ಜೊತೆ ಸೇರಿಕೊಂಡಿತು. ಮೇಡಂ ಕುರ್ಚಿಗೆ ಒರಗಿ ಉಸ್ಸೆಂದರು. ಆ ತಿಂಗಳ ಅವರ ಕೆಲಸವೂ ಹಾಳಾಗದೆ ಉಳಿಯಿತು. ಹೊರಡುವ ಮುಂಚೆ ಹಳೆಯ ಚಿತ್ರವೊಂದನ್ನು ತೋರಿಸಿದರು. ಮುಖ ಹತ್ತಿರ ಒಯ್ದು ನೋಡಿದೆ. ಎರಡು ಮೋಡ, ನಡುವೆ ಒಂದು ಚುಕ್ಕಿ, ಅವರು ಹೇಳಿದ ಹಾಗೇ ಇತ್ತು.

ಅಲ್ಲಿ ಮೊಬೈಲ್ ಬಳಸುವ ಹಾಗಿಲ್ಲ, ಅದರ ಗದ್ದಲವೂ ಡಿಶ್ಶಿಗೆ ಬೀಳುತ್ತದೆ. ಗೇಟಿನಾಚೆ ತುಂಬ ದೂರ ನಡೆದು ಬಂದು ಓನರಿಗೆ ಫೋನ್ ಮಾಡಿದೆ. ಬೋರ್ ಸರಿಯಿದೆ, ಕುಂಕುಮದ ತಪ್ಪು ನನ್ನದು ಎಂದೆ. ಒಂದು ತಪ್ಪು ಒಪ್ಪಿಕೊಂಡ ಮೇಲೆ ಇನ್ನೊಂದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

"ಸಾರ್, ನಂಗೆ ಎಡಗಣ್ಣು ಕಾಣ್ಸಲ್ಲ. ಪೊರೆ ಬಂದಿದೆ. ಮುಚ್ಚಿಟ್ಟಿದ್ದೆ."

"ಗೊತ್ತು ಅಣ್ಣ. ಟೀ ಲೋಟ ಟೇಬಲ್ ಅಂಚಿಗಿಟ್ಟು ಎರಡು ಸಲ ಬೀಳಿಸಿದ್ರಲ್ಲ, ಆವಾಗ್ಲೇ ಗೊತ್ತಾಯ್ತು. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಆಪರೇಷನ್ ಮಾಡ್ಸೋಣ, ಆಮೇಲೆ ಬಂದು ಮೆಷಿನ್ ಹತ್ರ ನಿಂತ್ಕೊಳ್ಳಿ."

"ಗೊತ್ತಿದ್ದೂ ಈ ಜಾಬ್ ನಂಗ್ಯಾಕ್ ಕೊಟ್ರಿ?"

"ಇನ್ಯಾರಿಗ್ ಕೊಡ್ಲಿ ಅಣ್ಣ?"

ಬಸ್ಸು ಬಂದು ನಿಂತಿತು. ಹತ್ತಲು ಕಾಲು ಬರಲಿಲ್ಲ. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು, ಯಾರಾದರೂ ನೋಡಿದರೆ ನೋಡಲಿ ಎಂದು ಸಮಾಧಾನವಾಗುವವರೆಗೂ ಅತ್ತೆ.