ಹೆಸರು ಮೇಲಿಟ್ಟ ಗ್ಯಾಸ್ಕೆಟ್

ನಾನು ಓದು ಬಿಟ್ಟದ್ದು ೧೯೮೮ರಲ್ಲಿ, ಆರನೇ ತರಗತಿಯ ನಡುವೆ. ಹುಮನಾಬಾದಿನಿಂದ ಹೈದರಾಬಾದಿಗೆ ಬಂದು ಬಾಲಾನಗರದ ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದೆ. ಕನ್ನಡ ಓದುತ್ತಿದ್ದೆ, ಅಂಕಿ ಬರುತ್ತಿದ್ದವು, ಇಂಗ್ಲಿಷ್ ಅಕ್ಷರ ಮಾತ್ರ ಒಂದೂ ಗುರುತಿರಲಿಲ್ಲ. ಅದಕ್ಕೆ ನಾಚಿಕೊಂಡವನೂ ಅಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರ್ ಸುಮ್ಮನಿದೆ ಎಂದು ಹೇಳಿಬಿಡುತ್ತಿದ್ದೆ. ದೊಡ್ಡ ಓದು ಓದಿದವರು ಕಾರು ತಂದು ನನ್ನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಸಾಲದೇ?

ಮಾಧಾಪುರದ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಷ್ಟರಲ್ಲಿ ಬಾಲಾನಗರದಲ್ಲಿ ನನ್ನದೇ ಒಂದು ತಗಡಿನ ಶೆಡ್ ಆಗಿತ್ತು. ಒಂದು ಗುರುವಾರ ಒಂದು ಪಿಕಪ್ಪನ್ನು ಹಗ್ಗ ಕಟ್ಟಿ ಎಳೆದು ತಂದರು. ಅದನ್ನು ಓಡಿಸುತ್ತಿದ್ದವರು ಒಬ್ಬ ಹೆಣ್ಣುಮಗಳು, ಕಲಬುರಗಿ ಕಡೆಯವರು. ಲಿಂಗಂಪಲ್ಲಿಯಲ್ಲಿ ಅಡುಗೆಮನೆ ಇಟ್ಟುಕೊಂಡು, ಆಫೀಸುಗಳಲ್ಲಿದ್ದ ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ ಊಟ ಮುಟ್ಟಿಸುತ್ತಿದ್ದರು.

"ಅಣ್ಣಾರ, ಗಾಡಿ ನೀರು ಕುಡಿಯಾಕತ್ತೈತ್ರಿ. ಮುಂಜಾನೆ ತುಂಬಿಸಿದ್ರ ಮಧ್ಯಾಹ್ನಕ್ಕ ಖಾಲಿ. ಎಂಜಿನ್ನ ಸತ್ತೈತಿ, ಮಾರಿಬಿಡು ಅಂದ್ರು ಅಲ್ಲೊಬ್ಬ ಮೇಸ್ತ್ರಿ."

"ಸತ್ತಿದ್ದು ಬದುಕಿದ್ದು ನಾ ಹೇಳ್ತೀನಿ, ಅಕ್ಕಾರ. ಅಂವಾ ಯಾರು ಹೇಳಾಕ?"

ಸೋಮವಾರದಿಂದ ಒಂದು ದೊಡ್ಡ ಆಫೀಸಿನ ಪೂರಾ ಒಂದು ಮಹಡಿಯ ಊಟ ಅವರ ಪಾಲಿಗೆ ಬಂದಿತ್ತು. ಮೊದಲ ದಿನವೇ ಗಾಡಿ ಬಾರದಿದ್ದರೆ ಆ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಆರು ಹೆಂಗಸರು ಅದನ್ನೇ ನಂಬಿ ಕೂತಿದ್ದರು. ಭಾನುವಾರ ಸಂಜೆಯೊಳಗೆ ಗಾಡಿ ಕೊಡುತ್ತೇನೆಂದು ಮಾತು ಕೊಟ್ಟೆ.

ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ. ರೇಡಿಯೇಟರಿನ ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿದೆ. ಅನ್ನ ಕುದಿಯುವಂತೆ ಗುಳ್ಳೆ ಎದ್ದವು. ಆಯಿಲ್ ಕಡ್ಡಿ ಎಳೆದು ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ. ಗೇಜು ಹಚ್ಚಿದಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡವೇ ಇಲ್ಲ. ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ತೆಳುವಾಗಿ ಕೂರುವ ಗ್ಯಾಸ್ಕೆಟ್ ಒಡೆದಿತ್ತು. ಎಂಜಿನ್ ಸತ್ತಿರಲಿಲ್ಲ.

ಅಷ್ಟು ಬಿಸಿಯಾಗಲು ಕಾರಣ ಮುಂದೆಯೇ ನೇತಾಡುತ್ತಿತ್ತು. ಅಡುಗೆಮನೆಯ ಹೆಸರು ಬರೆಸಿದ ಹೊಸ ತಗಡಿನ ಬೋರ್ಡನ್ನು ರೇಡಿಯೇಟರಿನ ಮುಂದಿನ ಜಾಲರಿಗೆ ಅಡ್ಡ ಕಟ್ಟಿದ್ದರು.

"ಅಕ್ಕಾರ, ಗಾಡಿ ಮೂಗು ಮುಚ್ಚಿ ಓಡು ಅಂದ್ರ ಹ್ಯಾಂಗ ಓಡಬೇಕದು?"

"ಎಲ್ಲಾರಿಗೂ ಕಾಣ್ಲಿ ಅಂತ ಕಟ್ಟೀನ್ರಿ!"

"ಕಂಡ್ತಲ್ಲ, ನನಗ ಕಂಡ್ತು."

ಅವರು ನಕ್ಕು ತಾವೇ ತಂತಿ ಬಿಚ್ಚಿದರು.

ಶುಕ್ರವಾರ ಹೆಡ್ ಇಳಿಸಿದೆ. ಬಿಸಿಗೆ ಕೂದಲೆಳೆಯಷ್ಟು ಸೊಟ್ಟಗಾಗಿತ್ತು; ಪಕ್ಕದ ಲೇತಿನವರು ತೆಳುವಾಗಿ ಹೆರೆದು ಸಮ ಮಾಡಿಕೊಟ್ಟರು. ಶನಿವಾರ ಮುಂಜಾನೆ ಹೊಸ ಗ್ಯಾಸ್ಕೆಟ್ ಇಟ್ಟು, ಹೆಡ್ ಕೂರಿಸಿ, ನಡುವಿನಿಂದ ಆರಂಭಿಸಿ ಹೊರಗಿನವರೆಗೆ ಮೂರು ಸುತ್ತು ಬೋಲ್ಟು ಬಿಗಿದೆ. ಅಕ್ಕ ಕಲ್ಲಿನ ಮೇಲೆ ಕೂತು, ಗ್ಯಾಸ್ಕೆಟ್ಟಿನ ಖಾಲಿ ಕವರನ್ನು ಓದುತ್ತಿದ್ದರು. ಅವರು ಪಿಯುಸಿ ಓದಿದ್ದರು.

"ಅಣ್ಣಾರ, 'ಟಾಪ್' ಅಂತ ಬರದಿದ್ದ ಬದಿ ಮ್ಯಾಲ ಬರಬೇಕು ಅಂತ ಐತಿ ಇಲ್ಲಿ. ಹಂಗ ಇಟ್ಟೀರಲ್ಲ?"

"ಹದಿನಾರು ವರ್ಷ ಆತು ಅಕ್ಕಾರ, ಇದನ್ನ ಮಾಡಾಕತ್ತು," ಎಂದೆ, ತುಸು ಬಿರುಸಾಗಿಯೇ.

ಆದರೆ ಕೈ ನಿಂತಿತು. ಗ್ಯಾಸ್ಕೆಟ್ ಇಡುವ ಬಗ್ಗೆ ಉಸ್ತಾದರು ನನಗೆ ಕಲಿಸಿದ್ದು ಎರಡೇ ಮಾತು: "ನಾಮ್ ಊಪರ್." ಹೆಸರು ಮೇಲೆ ಬರಲಿ ಎಂದು. ಇಂಗ್ಲಿಷ್ ಓದಲು ಬಾರದವನಿಗೆ ಅದು ಸಾಕಾಗಿತ್ತು. ನಾನು ಕಂಡ ಗ್ಯಾಸ್ಕೆಟ್ಟುಗಳಲ್ಲೆಲ್ಲ ಬರಹ ಒಂದೇ ಬದಿಗೆ ಇರುತ್ತಿತ್ತು. ಈ ಹೊಸ ಬಗೆಯದರಲ್ಲಿ ಒಂದು ಬದಿಗೆ ಕಂಪನಿಯ ಹೆಸರು ದೊಡ್ಡದಾಗಿ, ಇನ್ನೊಂದು ಬದಿಗೆ ಸಣ್ಣ ಮೂರು ಅಕ್ಷರ ಇದ್ದವು. ನಾನು ದೊಡ್ಡದನ್ನು ಮೇಲಿಟ್ಟಿದ್ದೆ.

ಗ್ಯಾಸ್ಕೆಟ್ ತಲೆಕೆಳಗಾದರೆ ಆಯಿಲ್ ಮೇಲೇರುವ ತೂತು ಮುಚ್ಚುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಕೆಲವು ದಿನಗಳಲ್ಲಿ ಆಯಿಲ್ ಇಲ್ಲದೆ ಎಂಜಿನ್ ಒಣಗಿ ಹಿಡಿದುಕೊಳ್ಳುತ್ತದೆ. ಆಗ ಆ ಮೇಸ್ತ್ರಿಯ ಮಾತೇ ನಿಜವಾಗುತ್ತಿತ್ತು. ತಪ್ಪು ನನ್ನದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅಕ್ಕಾರ, ಆ 'ಟಾಪ್' ಅನ್ನೋ ಅಕ್ಷರ ಹ್ಯಾಂಗಿರ್ತಾವ, ಬರದು ತೋರಸ್ರಿ," ಎಂದೆ ಕೊನೆಗೆ. "ನನಗ ಇಂಗ್ಲಿಷ್ ಬರಂಗಿಲ್ಲ."

ನೆಲದ ಧೂಳಿನಲ್ಲಿ ಬೆರಳಿನಿಂದ ಬರೆದರು. ಕೆಳಬದಿಗೆ ಹೋಗಿದ್ದ ಆ ಸಣ್ಣ ಮೂರು ಅಕ್ಷರಗಳೇ. ನೋಡಿದವನೇ ಬೋಲ್ಟು ಬಿಚ್ಚತೊಡಗಿದೆ. ನನ್ನ ಮುಖ ಹೇಗಿತ್ತೋ, ಅವರೇ ಅಂದರು: "ಒಂದ್ ರೊಟ್ಟಿ ಸೀದ್ರ ಇನ್ನೊಂದು ಬಡೀತೀವಿ. ಅದಕ್ಯಾಕ್ರಿ ಮಾರಿ ಸಣ್ಣ ಮಾಡ್ಕೋತೀರಿ? ಬೋರ್ಡಿನ ತಪ್ಪು ನಂದು, ಬರಹದ್ದು ನಿಮ್ದು. ಸರಿಸಮ ಆತು."

ಒಮ್ಮೆ ಬಿಗಿದ ಗ್ಯಾಸ್ಕೆಟ್ ಮತ್ತೆ ಬಳಕೆಗೆ ಬರುವುದಿಲ್ಲ. ಆ ಕವರನ್ನೇ ಹಿಡಿದು ಅವರು ಬಸ್ಸಿನಲ್ಲಿ ರಾಣಿಗಂಜಿಗೆ ಹೋಗಿ, ಬಿಡಿಭಾಗದ ಅಂಗಡಿಯಿಂದ ಇನ್ನೊಂದನ್ನು ತಂದರು. ಅಷ್ಟರಲ್ಲಿ ನಾನು ಹೆಡ್ ಇಳಿಸಿ ಒರೆಸಿಟ್ಟಿದ್ದೆ. ಈ ಸಲ ಇಡುವ ಮುಂಚೆ ಅವರಿಗೆ ತೋರಿಸಿದೆ. ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು "ಹ್ಞೂಂ" ಅಂದರು.

ಭಾನುವಾರ ನೀರಿನ ಡ್ರಮ್ಮು ಹೇರಿಕೊಂಡು ಲಿಂಗಂಪಲ್ಲಿಯವರೆಗೆ ಓಡಿಸಿದೆವು. ಬಿಸಿಯ ಮುಳ್ಳು ನಡುವಿನಿಂದ ಕದಲಲಿಲ್ಲ. ಸೋಮವಾರ ಊಟ ಹೊತ್ತಿಗೆ ಸರಿಯಾಗಿ ಮುಟ್ಟಿತು ಎಂದು ಫೋನು ಬಂತು.

ಶನಿವಾರದ ಸಂಗತಿಯನ್ನು ಆ ಅಕ್ಕ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಬಾಲಾನಗರದಲ್ಲಿ ನನ್ನ ಹೆಸರು ಅಂದೇ ಮುಗಿಯುತ್ತಿತ್ತು. ಬದಲಿಗೆ, ಆಯಿಲ್ ಬದಲಿಸಲು ಬಂದಾಗಲೆಲ್ಲ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಇಂಗ್ಲಿಷಿನ ನಾಲ್ಕು ನಾಲ್ಕು ಅಕ್ಷರ ಬರೆದು ಹೋಗುತ್ತಿದ್ದರು. ಯಾರಾದರೂ ಏನಿದು ಎಂದು ಕೇಳಿದರೆ "ಗಾಡಿ ನಂಬರ್" ಎನ್ನುತ್ತಿದ್ದೆ. ನನಗೆ ಕಲಿಸಿದವರಲ್ಲಿ ಉಸ್ತಾದರ ನಂತರದ ಹೆಸರು ಅವರದೇ. ಇದನ್ನು ಅವರ ಮುಂದೆ ಹೇಳಲು ಆಗಿಲ್ಲ, ಇಲ್ಲಿ ಬರೆದಿದ್ದೇನೆ.

ಈಗ ನನ್ನ ಹತ್ತಿರ ಒಂದು ಶೆಡ್, ಐದು ಜನ ಕೆಲಸಗಾರರು, ಎರಡು ಜಾಕು, ಇಂಗ್ಲಿಷಿನ ನಾಲ್ಕು ಮ್ಯಾನ್ಯುಯಲ್, ಮತ್ತು ರಿಪೇರಿಗೆ ಬರುವ ಆ ಅಕ್ಕನ ಮೂರು ಪಿಕಪ್ಪುಗಳಿವೆ.